ತಳದ ಸೀಸ

ಚೌಕಿಪೇಟೆಯ ಸಂದಿಯಲ್ಲಿ, ಹಗ್ಗದಂಗಡಿಯ ಪಕ್ಕ,
ತಕ್ಕಡಿ ರಿಪೇರಿಯ ದೇವಪುತ್ರಪ್ಪನವರ
ಕೈಚಾಚಿದರೆ ಎರಡೂ ಗೋಡೆ ಸಿಗುವ ಅಂಗಡಿ.
ಭಾನುವಾರ ಆರಾಧನೆ ಮುಗಿದ ಮೇಲೆ
ಆರು ಹುಡುಗರು ಅಲ್ಲಿ ಸೇರುತ್ತಿದ್ದೆವು,
ಮಂಡಕ್ಕಿ ಮೆಣಸಿನಕಾಯಿಗೆ, ನಿಜ ಹೇಳಬೇಕೆಂದರೆ;
ಅವ್ವನಿಗೆ ಮಾತ್ರ ಬೈಬಲ್ ಓದಲಿಕ್ಕೆ.

ವಚನ ಬಾಯಿಪಾಠ ಮಾಡಿಸಿದವರಲ್ಲ ಅವರು.
ತಕ್ಕಡಿ ಎತ್ತಿ ಹಿಡಿದು
"ಮುಳ್ಳು ನಿಲ್ಲಾಕೆ ಎಷ್ಟೊತ್ತು ತಗಂತತಿ ನೋಡ್ರಲೇ,
ಅಷ್ಟೊತ್ತು ಬಾಯಿ ಮುಚ್ರಿ" ಎನ್ನುವರು.
ಮುಳ್ಳು ಆಚೆ ಈಚೆ, ಆಚೆ ಈಚೆ,
ಇನ್ನೇನು ನಿಂತಿತು ಎನ್ನುವಾಗ
ಎಲಿಷನಿಗೆ ನಗು ಒತ್ತರಿಸಿ ಬರುತ್ತಿತ್ತು.

ನನಗಾಗ ಹದಿನಾಲ್ಕು.
ಅಪ್ಪ ಹರಿಹರದಲ್ಲಿ ಇನ್ನೊಂದು ಮನೆ ಮಾಡಿದ್ದ.
ದನಿ ಒಡೆದು, ಅಂಗಿ ಕಂಕುಳಲ್ಲಿ ಬಿಗಿದು,
ಯಾರ ಮುಖ ಕಂಡರೂ ಗುದ್ದಬೇಕೆನಿಸುವ ಕಾಲ.
ಕಾಳಿನ ಸಾವುಕಾರನೊಬ್ಬ
ಐವತ್ತರ ನೋಟು ಮಡಿಸಿ ಜೇಬಿಗಿಟ್ಟ:
ಎರಡು ಕಿಲೋ ಬೊಟ್ಟಿನ ತಳದಿಂದ
ಒಂದಿಷ್ಟು ಸೀಸ ಕೆತ್ತಬೇಕು, ಮುದ್ರೆ ಕೆಡಬಾರದು.
ಕೆಡಲಿಲ್ಲ. ಕೈ ಅಷ್ಟು ಪಳಗಿತ್ತು.
ಪಳಗಿಸಿದವರು ಅವರೇ.

ಅವರದನ್ನು ಅಂಗೈಯಲ್ಲಿಟ್ಟು ಒಮ್ಮೆ ಕುಣಿಸಿದರು,
ಕೂಸನ್ನು ಕುಣಿಸಿದ ಹಾಗೆ.
ಇನ್ನೊಮ್ಮೆ.
"ಬಾರಲೇ ತಮ್ಮ, ಸೈಕಲ್ ಹತ್ತು."

ಸಾವುಕಾರನ ಗದ್ದಿಗೆಯ ಮುಂದೆ ಚಪ್ಪಲಿ ಬಿಟ್ಟು
"ನಮ್ಮಿಂದ ತಪ್ಪಾಗೇತಿ" ಎಂದರು.
ಇವನಿಂದ ಅನ್ನಲಿಲ್ಲ.
ನಾನು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದೆ;
ಆ "ನಮ್ಮಿಂದ" ಹೊಡೆತಕ್ಕಿಂತ ಜೋರಾಗಿ ಬಿತ್ತು.
ಸಾವುಕಾರ ನಕ್ಕ. ಆ ಸಾಲಿನ ಏಳು ಅಂಗಡಿಗಳ ಕೆಲಸ
ಮುಂದಿನ ವರ್ಷ ಬೇರೆಯವರಿಗೆ ಹೋಯಿತು.

ಐವತ್ತರಲ್ಲಿ ನಲವತ್ತೊಂದು ಉಳಿದಿತ್ತು,
ಒಂಬತ್ತು ಬೆಣ್ಣೆದೋಸೆಯಾಗಿ ಹೊಟ್ಟೆಯಲ್ಲಿತ್ತು.
ಆ ಒಂಬತ್ತನ್ನು ಅವರು ತುಂಬಲಿಲ್ಲ.
ಮೂರು ಶನಿವಾರ ತುಕ್ಕು ಉಜ್ಜಿಸಿ,
ಲೆಕ್ಕ ಹಾಕಿ ಕೈಗಿಟ್ಟು, "ಹೋಗಿ ಕೊಟ್ಟು ಬಾ" ಎಂದರು.

ಅಂದು ರಾತ್ರಿ ಸೀಸ ಕರಗಿಸಿದೆವು.
ಮೇಲೆ ಬೂದಿಬಣ್ಣದ ಕೆನೆ,
ಸೌಟಿನಿಂದ ಸರಿಸಿದರೆ ಒಳಗೆ ಕನ್ನಡಿ.
ಬೊಟ್ಟನ್ನು ಮಗುಚಿ, ಗುಳಿಗೆ ಹೊಯ್ಯುತ್ತ
ನನ್ನ ಕಡೆ ನೋಡದೆ ಹೇಳಿದರು:
"ನನಗೂ ಒಬ್ಬ ಮಗ ಅದಾನೆ.
ಸುಳ್ಳು ಹೇಳಿದ ಅಂತ ಬೆಲ್ಟ್ ತಗಂಡಿದ್ದೆ.
ಹೊಸಪೇಟ್ಯಾಗೆ ಅದಾನಂತೆ.
ಹೇಳಿದ್ದು ಸರಿ ಇತ್ತು ಕಣಲೇ, ಕೈ ಸರಿ ಇರಲಿಲ್ಲ."
ಪ್ರಾರ್ಥಿಸಲು ಕಣ್ಣು ಮುಚ್ಚಿದರು.
"ಕರ್ತನೇ" ಎಂದವರಿಗೆ ಮುಂದೆ ಮಾತು ಬರಲಿಲ್ಲ.
ಬಹಳ ಹೊತ್ತಾದ ಮೇಲೆ
ಆಮೆನ್ ನಾನೇ ಅಂದೆ.

ಈಗ ತಕ್ಕಡಿಗಳಿಗೆ ಮುಳ್ಳಿಲ್ಲ,
ಕೆಂಪು ಅಂಕಿ ತಟ್ಟನೆ ಬಂದು ನಿಲ್ಲುತ್ತದೆ.
ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳುವ ನನ್ನ ಮನೆಗೆ
ಭಾನುವಾರ ನಾಲ್ವರು ಹುಡುಗರು ಬರುತ್ತಾರೆ,
ಮೊಬೈಲ್ ಮಗುಚಿಟ್ಟು, ಕಣ್ಣು ಅದರ ಮೇಲೆಯೇ ಇಟ್ಟು.
ಸತ್ಯಶೀಲ ಅಂಕಪಟ್ಟಿಗೆ ಅಪ್ಪನ ರುಜು ತಾನೇ ಹಾಕಿದ್ದಾನೆ.
ಅಪ್ಪ ಇಲ್ಲದ ಹುಡುಗನಲ್ಲ; ಇದ್ದೂ ಮಾತಾಡದ ಅಪ್ಪ.
ಕೇಳಿದ್ದಕ್ಕೆ ನನ್ನ ಮುಖಕ್ಕೇ ಸುಳ್ಳು ಹೇಳಿದ,
ಹೆಸರಿಗೆ ತಕ್ಕ ಹಾಗೆ ಎಂದು ಕುಟುಕಲು ಹೊರಟೆ.
ಕೈ ಸೊಂಟದ ಬೆಲ್ಟಿಗೆ ಹೋದದ್ದು
ಹೋದ ಮೇಲೆ ಗೊತ್ತಾಯಿತು.

ಕಿಟಕಿಯಲ್ಲಿ ಆ ಎರಡು ಕಿಲೋ ಬೊಟ್ಟು,
ಕರೆಂಟ್ ಬಿಲ್ ಹಾರದಂತೆ ಕೂತಿದೆ.
ಅವರು ಸತ್ತ ಮೇಲೆ ನಾನು ಕೇಳಿ ತಂದ ಒಂದೇ ವಸ್ತು.
ಎತ್ತಿ ಅವನ ಅಂಗೈಗಿಟ್ಟೆ.
"ಭಾರ ಐತಿ ಸರ್" ಎಂದ.

ನಾಳೆ ಬೆಳಿಗ್ಗೆ ಹೆಡ್‌ಮಾಸ್ಟರ ಮೇಜಿನ ಮುಂದೆ
ನಮ್ಮಿಂದ ಎನ್ನಬೇಕು ನಾನು.
ರಾತ್ರಿಯಿಡೀ ಅಂದು ಅಂದು ನೋಡಿದೆ,
ಒಂದು ಸಲವೂ ನೆಟ್ಟಗೆ ಬರಲಿಲ್ಲ.

ಬೆಳಗಾಯಿತು. ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದೇನೆ.
ಇಬ್ಬನಿಗೆ ಒದ್ದೆಯಾದ ಹಿಂದಿನ ಸೀಟನ್ನು
ಅವನು ಅಂಗಿಯ ತೋಳಿನಿಂದ ಒರೆಸುತ್ತಿದ್ದಾನೆ,
ಆಮೇಲೆ, ಯಾಕೋ, ನನ್ನದನ್ನೂ.